ಬೋರ್ಡ್ ಪರೀಕ್ಷೆಯಲ್ಲದ ಪರೀಕ್ಷೆ

ನಮ್ಮ ಪೊಟೊಟಾನ್ ಪಟ್ಟಣದಲ್ಲಿ ಯಾರ ಮನೆಯ ಮಗು ಏನು ಪಾಸು ಮಾಡಿದರೂ ಊರಿಗಿಂತ ಮೊದಲು ಗೊತ್ತಾಗುವುದು ನನಗೆ. ಬ್ಯಾನರ್ ಅಚ್ಚು ಹಾಕುವ ಅಂಗಡಿ ನನ್ನದು. ಡಿಗ್ರಿ ಮುಗಿಸಿದವರು ಕೆಲಸಕ್ಕಿಳಿಯುವ ಮುಂಚೆ ಬರೆಯುವ ಸರ್ಕಾರಿ ಪರೀಕ್ಷೆಗೆ ನಮ್ಮಲ್ಲಿ ಬೋರ್ಡ್ ಪರೀಕ್ಷೆ ಅನ್ನುತ್ತಾರೆ. ನರ್ಸುಗಳ ಬೋರ್ಡ್ ಪರೀಕ್ಷೆ, ಮೇಷ್ಟ್ರುಗಳ ಬೋರ್ಡ್ ಪರೀಕ್ಷೆ, ಇಂಜಿನಿಯರುಗಳದ್ದು, ಯಾವುದರ ಫಲಿತಾಂಶ ಬಂದರೂ ಅಪ್ಪ ಅಮ್ಮಂದಿರು ಫೋಟೊ ಹಿಡಿದುಕೊಂಡು ನನ್ನ ಅಂಗಡಿಯ ಮುಂದೆ ನಿಂತಿರುತ್ತಾರೆ. ಮುಖವೊಂದನ್ನು ತಂದರೆ ಸಾಕು. ಕಪ್ಪು ನಿಲುವಂಗಿ, ಚೌಕ ಟೋಪಿ, ಕೈಯಲ್ಲಿ ಸುರುಳಿ ಸುತ್ತಿದ ಡಿಗ್ರಿ ಎಲ್ಲ ನನ್ನ ಕಂಪ್ಯೂಟರಿನಲ್ಲೇ ಇವೆ. ಕುತ್ತಿಗೆಯ ಹತ್ತಿರ ಒಂಚೂರು ತಿದ್ದಿ ಕೂರಿಸಿಬಿಡುತ್ತೇನೆ. ಮದುವೆ ಬ್ಯಾನರಿಗೆ ಗಂಟೆಗಟ್ಟಲೆ ಚೌಕಾಸಿ ಮಾಡುವ ಜನ ಇದಕ್ಕೆ ತುಟಿಪಿಟಿಕ್ಕೆನ್ನುವುದಿಲ್ಲ.

ಆವತ್ತು ಬೆಳಿಗ್ಗೆ ಸೆಗುಂಡೊ ತನ್ನ ಜೀಪ್ನಿಯನ್ನು, ಅಂದರೆ ಊರೂರಿಗೆ ಜನ ಸಾಗಿಸುವ ಉದ್ದ ಜೀಪನ್ನು, ಪ್ರಯಾಣಿಕರ ಸಮೇತ ನಡುರಸ್ತೆಯಲ್ಲೇ ನಿಲ್ಲಿಸಿ ನನ್ನ ಅಂಗಡಿಗೆ ನುಗ್ಗಿದ. ನಮ್ಮ ಓಣಿಯವನೇ. ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳು ರೊವೆಲಿನ್‌ಳನ್ನು ಜೀಪ್ನಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡೇ ಬೆಳೆಸಿದವನು. ಅವಳು ಇಲೊಯ್ಲೊ ನಗರದ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದಳು.

"ಮನಾಂಗ್ ತೆರ್ಸಿಂಗ್, ಅಕ್ಕಾ, ನನ್ನ ಮಗಳು ಪಾಸಾದ್ಲು," ಅಂದ. "ಈಗ ಫೋನ್ ಮಾಡಿದ್ಲು. ಟಾಟಾಯ್, ಅಪ್ಪಾ, ಪರೀಕ್ಷೆ ಪಾಸಾದೆ, ಶನಿವಾರ ಬಂದು ಎಲ್ಲಾ ಹೇಳ್ತೀನಿ ಅಂದ್ಲು."

"ಯಾವ ಪರೀಕ್ಷೆನೋ?"

"ಇನ್ಯಾವ್ದು ಇರುತ್ತೆ? ಬೋರ್ಡ್ ಪರೀಕ್ಷೆ. ಇಂಜಿನಿಯರ್ ಅಂತ ದೊಡ್ಡದಾಗಿ ಹಾಕಿ. ಅವಳ ಹೆಸರಿಗಿಂತ ದೊಡ್ಡದಾದ್ರೂ ಪರವಾಗಿಲ್ಲ."

ನಾನೂ ಹೌದೆಂದುಕೊಂಡೆ. ನಮ್ಮೂರಲ್ಲಿ ಅಪ್ಪನಿಗೆ ಫೋನ್ ಮಾಡಿ ಹೇಳುವಂಥ ಪರೀಕ್ಷೆ ಅದೊಂದೇ. ಅಲ್ಲದೆ ಆ ಮನುಷ್ಯನ ಮುಖ ನೋಡಿದರೆ ಯಾರಿಗಾದರೂ ಇನ್ನೊಂದು ಪ್ರಶ್ನೆ ಕೇಳುವ ಮನಸ್ಸು ಬರುತ್ತಿರಲಿಲ್ಲ. ಊರವರ ಮಕ್ಕಳ ಬ್ಯಾನರುಗಳ ಕೆಳಗೆ ವರ್ಷವಿಡೀ ಜೀಪ್ನಿ ಓಡಿಸಿದವನು, ಅವನ ಪಾಲಿಗೊಂದು ಬ್ಯಾನರ್ ಈಗ ಬಂದಿತ್ತು. ಕುತ್ತಿಗೆಯನ್ನು ಬಹಳ ಮುತುವರ್ಜಿಯಿಂದ ಕೂರಿಸಿದೆ.

ಬಸ್ ನಿಲ್ಲುವ ಮೂಲೆಯಲ್ಲಿ, ರಸ್ತೆಗೆ ಅಡ್ಡಲಾಗಿ ಅದನ್ನು ಅವನೇ ಕಟ್ಟಿದ. ಸುದ್ದಿ ಓಣಿಯೆಲ್ಲ ಹಬ್ಬಿತು. ಶನಿವಾರ ಮಧ್ಯಾಹ್ನ ಅವನ ಮನೆಯಲ್ಲಿ ಊಟ, ಎಲ್ಲರೂ ಬರಬೇಕು ಅಂತ ಕರೆ ಬಂತು.

ಶನಿವಾರ ಬೆಳಿಗ್ಗೆ ಮ್ಯಾಮ್ ವಿಯಾರುಜ್ ಅಂಗಡಿಗೆ ಬಂದರು. ನಿವೃತ್ತ ಹೆಡ್‌ಮಿಸ್. ನಾನು ಚಿಕ್ಕವಳಿದ್ದಾಗ ಗಣಿತಕ್ಕೆ ಕಿವಿ ಹಿಂಡಿದವರು, ಈಗಲೂ ಹಿಂಡುವ ದೃಷ್ಟಿಯಲ್ಲೇ ನೋಡುತ್ತಾರೆ.

"ತೆರ್ಸಿಂಗ್, ಕಂಪ್ಯೂಟರ್ ಓದಿದವರಿಗೆ ಬೋರ್ಡ್ ಪರೀಕ್ಷೆ ಅನ್ನೋದೇ ಇಲ್ಲ."

"ನಿಮ್ಮ ಕಾಲದಲ್ಲಿ ಇರ್ಲಿಲ್ವೇನೋ ಮ್ಯಾಮ್."

"ಈ ಕಾಲದಲ್ಲೂ ಇಲ್ಲ. ಅಚ್ಚು ಹಾಕೋ ಮುಂಚೆ ಒಂದು ಮಾತು ವಿಚಾರಿಸಬಾರ್ದಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಅಚ್ಚು ಹಾಕುವುದು ನನ್ನ ಕೆಲಸ, ವಿಚಾರಣೆ ಪೊಲೀಸರದ್ದು, ಅಂದುಬಿಟ್ಟೆ. ಅವರು ಮೂಗು ಮುರಿದು ಹೋದರು. ಆದರೆ ಆಮೇಲೆ ನನಗೂ ಅನುಮಾನ ಶುರುವಾಯಿತು, ಏಕೆಂದರೆ ಆ ಹೆಂಗಸು ಈ ತನಕ ಯಾವ ಲೆಕ್ಕದಲ್ಲೂ ತಪ್ಪಿದ್ದಿಲ್ಲ.

ಸ್ವಲ್ಪ ಹೊತ್ತಿಗೆ ನಗರದ ಬಸ್ ಬಂತು. ರೊವೆಲಿನ್ ಇಳಿದಳು, ತಲೆ ಎತ್ತಿದಳು, ಬ್ಯಾನರಿನಲ್ಲಿ ನಿಲುವಂಗಿ ತೊಟ್ಟ ತನ್ನನ್ನೇ ನೋಡಿದಳು. ಆಮೇಲೆ ಮನೆಯ ಕಡೆ ಹೋಗದೆ ನೇರ ನನ್ನ ಅಂಗಡಿಗೆ ಬಂದಳು.

"ಟೀಟಾ, ಅದನ್ನ ಇಳಿಸ್ಬಿಡಿ." ಓಣಿಯ ಮಕ್ಕಳಿಗೆಲ್ಲ ನಾನು ಟೀಟಾ, ಅಂದರೆ ಚಿಕ್ಕಮ್ಮ.

"ಯಾಕೆ ಇಂದಾಯ್, ಯಾಕೆ ಮಗಳೇ, ಕುತ್ತಿಗೆ ಸರಿಯಾಗಿ ಕೂತಿಲ್ವಾ?"

"ನಾನು ಇಂಜಿನಿಯರ್ ಅಲ್ಲ. ಡಿಗ್ರಿನೂ ಇಲ್ಲ. ಕಾಲೇಜು ಬಿಟ್ಟು ಒಂದು ವರ್ಷ ಆಯ್ತು."

ಕುರ್ಚಿ ಎಳೆದುಕೊಟ್ಟು, ನೀರು ಕುಡಿಸಿ, ಆಮೇಲೆ ಬೈದೆ. ವರ್ಷ ಪೂರ್ತಿ ಬಾಯಿಗೆ ಬೀಗ ಹಾಕಿಕೊಂಡಿದ್ದೆಯಾ, ಆ ಮುದುಕ ನಿನ್ನನ್ನು ಹೊತ್ತು ಮೆರೆಸುತ್ತಿದ್ದಾನೆ, ಅಂತ ಬಾಯಿಗೆ ಬಂದಿದ್ದೆಲ್ಲ ಅಂದೆ. ಅವಳು ಲೋಟ ಕೆಳಗಿಟ್ಟಳು.

"ಕಾಲೇಜಲ್ಲಿ ಇದ್ದದ್ದೇ ಒಂದು ರೌಟರ್ ಟೀಟಾ. ಅದನ್ನೂ ಬೀರುಲಿ ಇಟ್ಟು ಬೀಗ ಹಾಕಿದ್ರು, ಮುಟ್ಟಿದ್ರೆ ಕೆಟ್ಟೋಗುತ್ತೆ ಅಂತ. ನಾವು ಹಲಗೆ ಮೇಲೆ ಚಿತ್ರ ನೋಡಿ ಕಲೀಬೇಕಿತ್ತು. ನಾನು ಒಂದು ಇಂಟರ್ನೆಟ್ ಅಂಗಡಿಯಲ್ಲಿ ಕೆಲಸಕ್ಕೆ ಸೇರ್ದೆ, ತಂತಿ ಎಳೆದೆ, ಕೆಟ್ಟಿದ್ದನ್ನ ಬಿಚ್ಚಿದೆ. ಸಂಜೆ ಓದಿ ನೆಟ್‌ವರ್ಕ್ ಕೆಲಸದ ಸರ್ಟಿಫಿಕೇಟ್ ಪರೀಕ್ಷೆ ಬರೆದೆ. ಮೊದಲನೇ ಸಲ ಫೇಲಾದೆ. ಈಗ ಪಾಸಾದೆ. ಸಮುದ್ರದಾಚೆ ಸೆಬುವಿನ ಒಂದು ಕಂಪನಿ ಕರೆದಿದೆ, ಸೋಮವಾರ ಸೇರ್ಕೋಬೇಕು. ಡಿಗ್ರಿ ಎಲ್ಲಿ ಅಂತ ಅವರು ಕೇಳಲೇ ಇಲ್ಲ."

"ಮತ್ತಿನ್ನೇನು, ಹೋಗು."

"ಟಾಟಾಯ್ ಮನಸ್ಸು ನೋಯಿಸ್ಕೊಂಡು ಮುಖ ತಿರುಗಿಸಿದ್ರೆ ನಾನು ಹಡಗು ಹತ್ತಲ್ಲ. ವಾಪಸ್ ಕಾಲೇಜಿಗೆ ಹೋಗ್ತೀನಿ. ಆ ಬೀರು ಮುಂದೆ ಕೂತ್ಕೋತೀನಿ."

ಬ್ಯಾನರ್ ಇಳಿಸುವುದಿಲ್ಲ ಅಂದೆ. ಇಳಿಸಿದರೆ ಊಟಕ್ಕೆ ಬಂದವರೆಲ್ಲ ಕಾರಣ ಕೇಳುತ್ತಾರೆ, ನೀನು ಇನ್ನೊಂದು ಸುಳ್ಳು ಹೇಳುತ್ತೀಯೆ. ಹೋಗಿ ಅಪ್ಪನಿಗೆ ಹೇಳು, ನಾನೂ ಬರುತ್ತೇನೆ, ಅಂತ ಎಬ್ಬಿಸಿಕೊಂಡು ಹೊರಟೆ.

ಸೆಗುಂಡೊ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ. ಅಂಗಳದ ತುಂಬ ಜನ, ಮೇಜಿನ ಮೇಲೆ ಪನ್ಸಿತ್ ಶ್ಯಾವಿಗೆ ಹಬೆಯಾಡುತ್ತಿತ್ತು. ರೊವೆಲಿನ್ ಆಶೀರ್ವಾದಕ್ಕೆಂದು ಅಪ್ಪನ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. "ಬಂದ್ಲು ನೋಡಿ ಇಂಜಿನಿಯರ್," ಅಂತ ಅವನು ಜನರ ಕಡೆ ತಿರುಗಿದ. ಆ ಕೈಯನ್ನು ಬಿಡದೆಯೇ ಹುಡುಗಿ ಎಲ್ಲವನ್ನೂ ಹೇಳಿಬಿಟ್ಟಳು, ಕಾಲೇಜು ಬಿಟ್ಟದ್ದು, ಸರ್ಟಿಫಿಕೇಟು, ಸೆಬು. ಇಷ್ಟು ಧೈರ್ಯ ಅವಳಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ.

ಅವನು ಮೆಲ್ಲಗೆ ಕೈ ಬಿಡಿಸಿಕೊಂಡ.  ಮೊದಲು ಮಾತಾಡಿದ್ದು ಮ್ಯಾಮ್ ವಿಯಾರುಜ್, ಅದೂ ಸಿಟ್ಟಿನಿಂದಲ್ಲ.

"ಈಗ ಕೆಲಸ ಕೊಡ್ತಾರಮ್ಮ, ಒಪ್ಪಿದೆ. ನಾಳೆ ಮೇಲಿನ ಕುರ್ಚಿಗೆ ಆರಿಸೋವಾಗ ಡಿಗ್ರಿ ಎಲ್ಲಿ ಅಂತಾರೆ. ಆಗ ಏನ್ ಮಾಡ್ತೀಯಾ?"

"ಕೇಳ್ತಾರೆ ಅಂತ ಗೊತ್ತು ಮ್ಯಾಮ್. ಸೆಬುಲಿ ಸಂಜೆ ಕಾಲೇಜಿದೆ. ಕೆಲಸ ಮಾಡ್ತಾ ಓದ್ತೀನಿ."

"ಈ ಸರ್ಟಿಫಿಕೇಟು ಎಷ್ಟು ಕಾಲಕ್ಕೆ?"

"ಮೂರು ವರ್ಷ. ಆಮೇಲೆ ಮತ್ತೆ ಬರೀಬೇಕು."

ಹಿಂದಿನಿಂದ ಯಾರೋ, "ಸಾರ್ಡೀನ್ ಮೀನಿನ ಡಬ್ಬಿ ಮೇಲೆ ಕೆಡೋ ತಾರೀಕು ಹಾಕಿರ್ತಾರಲ್ಲ, ಹಂಗೆ," ಅಂದರು. ಜನ ನಕ್ಕರು. ಸೆಗುಂಡೊ ಅಂಗಳ ದಾಟಿ ಹೊರಗೆ ಹೋದ. ನಕ್ಕವರಿಗೆಲ್ಲ ಬಾಯಿ ಮುಚ್ಚಿಕೊಂಡು ಶ್ಯಾವಿಗೆ ತಿನ್ನಿ ಅಂತ ಹೇಳಿ ನಾನು ಅವನ ಹಿಂದೆ ಹೋದೆ.

ಅವನು ನಿಂತ ಜೀಪ್ನಿಯಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದ. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ರೊವೆಲಿನ್ ಬಂದು ಮುಂದಿನ ಸೀಟು ಹತ್ತಿದಳು.

"ಕಾಲೇಜು ಬಿಟ್ಟಿದ್ದಕ್ಕಲ್ಲ," ಅಂದ ಅವನು, ಗಾಜಿನ ಆಚೆ ನೋಡುತ್ತಾ. "ವರ್ಷ ಪೂರ್ತಿ ಈ ಜೀಪಲ್ಲಿ ಹತ್ತಿದವರಿಗೆಲ್ಲ ನಿನ್ನ ಕಾಲೇಜಿನ ಕಥೆ ಹೇಳಿದೀನಿ. ನನ್ನನ್ನ ಸುಳ್ಳುಗಾರ ಮಾಡಿದೆಯಲ್ಲ."

"ನಿಮಗೆ ನಾಚಿಕೆ ಆಗುತ್ತೆ ಅಂತ ಹೆದರಿದೆ. ತಪ್ಪಾಯ್ತು ಟಾಟಾಯ್."

ಅವನು ಮುಂದಿನ ಗಾಜನ್ನು ಬಟ್ಟೆಯಿಂದ ಒರೆಸಿದ, ಮತ್ತೆ ಮತ್ತೆ ಒರೆಸಿದ. ನನ್ನಂಥವಳಿಗೆ ಅಷ್ಟು ಹೊತ್ತು ಬಾಯಿ ಕಟ್ಟಿಕೊಂಡು ಕೂರುವುದು ಎಷ್ಟು ಕಷ್ಟ ಅಂತ ಓಣಿಯವರನ್ನು ಕೇಳಿ.

"ಆ ಮೂರು ವರ್ಷದ್ದು," ಅಂದ ಕೊನೆಗೆ. "ಯಾಕೆ ಹಂಗೆ?"

"ಯಂತ್ರಗಳು ಬದಲಾಗ್ತಾ ಇರ್ತವೆ. ಹಳೇದು ಕಲಿತು ಹೊಸದು ಗೊತ್ತಿಲ್ಲ ಅಂದ್ರೆ, ಒಂದು ಕಂಪನಿಯ ನೆಟ್‌ವರ್ಕನ್ನ ನನ್ನ ಕೈಗೆ ಕೊಡೋಕಾಗಲ್ಲ."

ಅವನು ತಲೆಯ ಮೇಲಿನ ಬಿಸಿಲು ಪಟ್ಟಿಯ ಸಂದಿಯಿಂದ ತನ್ನ ಡ್ರೈವಿಂಗ್ ಲೈಸೆನ್ಸ್ ಎಳೆದು ತಿರುಗಿಸಿ ಮುರುಗಿಸಿ ನೋಡಿದ.

"ಇದಕ್ಕೂ ತಾರೀಕಿದೆ. ಮುಗಿದಾಗೆಲ್ಲ ಹೋಗಿ ಕಣ್ಣು ತೋರಿಸಿ ಬರ್ತೀನಿ. ಇಷ್ಟು ವರ್ಷ ಯಾರೂ ಡಿಗ್ರಿ ಕೇಳಿ ನನ್ನ ಜೀಪ್ ಹತ್ತಿಲ್ಲ. ನಿಂದೂ ಅದೇ ಥರದ್ದಾ?"

"ಹೆಚ್ಚುಕಮ್ಮಿ ಅದೇ."

"ಮತ್ತೆ ಲೈಸೆನ್ಸು ಅಂತ ಫೋನಲ್ಲೇ ಹೇಳೋಕೇನಾಗಿತ್ತು?" ಅಂದ. ಲೈಸೆನ್ಸನ್ನು ಸಂದಿಗೆ ವಾಪಸ್ ಸಿಕ್ಕಿಸಿದ. "ಡಿಗ್ರಿ ಯಾವಾಗ ಮುಗಿಸ್ತೀಯಾ?"

"ಮುಗಿಸ್ತೀನಿ. ಯಾವಾಗ ಅಂತ ಮಾತು ಕೊಡಲಾರೆ."

"ಕೊಡ್ಬೇಡ. ನಾನು ಅದನ್ನೂ ಊರೆಲ್ಲ ಸಾರಿಬಿಡ್ತೀನಿ."

ಅವಳು ನಕ್ಕಳು. ಅವನು ನಗಲಿಲ್ಲ, ಆದರೆ ಇಳಿದು ಊಟಕ್ಕೆ ಬಂದ. ಸಂಜೆ ಏಣಿ ಹಾಕಿ ಹತ್ತಿ, ಇಂಜಿನಿಯರ್ ಅನ್ನುವ ಪದದ ಮೇಲೆ ಬಿಳಿ ಪೇಂಟು ಬಳಿದ. ನನ್ನ ಅಚ್ಚುಕಟ್ಟಾದ ಕೆಲಸ ಎಕ್ಕುಟ್ಟಿಹೋಯಿತು. ಹೊಸದು ಹಾಕಿಕೊಡುತ್ತೇನೆ, ನಿಲುವಂಗಿ ಟೋಪಿನೂ ತೆಗೆದುಬಿಡುತ್ತೇನೆ ಅಂದೆ.

"ನಿಲುವಂಗಿ ಟೋಪಿ ಇರ್ಲಿ ಮನಾಂಗ್," ಅಂದ ಏಣಿಯ ಮೇಲಿಂದ. "ಅದು ಡಿಗ್ರಿಗೆ ಅಡ್ವಾನ್ಸು."

ಅವನು ಪೂರ್ತಿ ಒಪ್ಪಿಕೊಂಡನೋ, ಮಗಳನ್ನು ನೋಯಿಸಬಾರದೆಂದು ನುಂಗಿಕೊಂಡನೋ, ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಲ್ಲ. ಮಾರನೆಯ ದಿನ ಬಂದರಿಗೆ ಹೊರಟಾಗ ಅವಳು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪನನ್ನೇ ನೋಡುತ್ತಿದ್ದಳು. ಅಚ್ಚಿನ ಶಾಯಿ ತರುವುದಿತ್ತೆಂದು ನೆಪ ಹೇಳಿ ನಾನೂ ಹತ್ತಿದ್ದೆ. ಭಾನುವಾರ, ಜೀಪ್ನಿ ಕಿಕ್ಕಿರಿದಿತ್ತು. ಕೋಳಿಬುಟ್ಟಿ ಹಿಡಿದ ಪಕ್ಕದೂರಿನ ಹೆಂಗಸೊಬ್ಬಳು ಹಿಂದಿನಿಂದ ಕೂಗಿ ಕೇಳಿದಳು.

"ಏನ್ ಸೆಗುಂಡೊ, ಮಗಳು ಇಂಜಿನಿಯರ್ ಆದಳಂತೆ?"

ರೊವೆಲಿನ್ ಬ್ಯಾಗನ್ನು ಬಿಗಿಯಾಗಿ ಹಿಡಿದುಕೊಂಡಳು. ಹೂಂ ಅಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು, ಆ ಹೆಂಗಸು ಮುಂದಿನ ಊರಲ್ಲಿ ಇಳಿಯುವವಳು.

"ಇಲ್ಲ," ಅಂದ ಸೆಗುಂಡೊ, ಕೊನೆಯ ಬೆಂಚಿನವರೆಗೂ ಕೇಳುವ ಹಾಗೆ. "ಕಾಲೇಜು ಅರ್ಧಕ್ಕೇ ಬಿಟ್ಟಿದ್ದಾಳೆ. ಆದ್ರೆ ಒಂದು ಪರೀಕ್ಷೆ ಪಾಸಾಗಿದ್ದಾಳೆ. ಅದೇನು ಅಂತ ಹೇಳ್ತೀನಿ, ಕೇಳಿ."

ಹೇಳಿದ. ರೌಟರು, ತಂತಿ, ಮೂರು ವರ್ಷ, ಸೆಬು, ಎಲ್ಲ ಹೇಳಿದ, ಅರ್ಧಕ್ಕರ್ಧ ತಪ್ಪೇ ಹೇಳಿದ. ರೊವೆಲಿನ್ ಒಂದನ್ನೂ ತಿದ್ದಲಿಲ್ಲ. ಅಪ್ಪನ ಭುಜಕ್ಕೆ ತಲೆ ಆನಿಸಿಕೊಂಡು ಬಂದರು ಬರುವ ತನಕ ಕೇಳುತ್ತಲೇ ಇದ್ದಳು.