ಗುಬ್ಬಿ ನಿಲ್ಲಿಸುವ ಜಾಗಗಳು

ತಾಳ ತಪ್ಪಿದರೆ ಸಂಗೀತದ ಮೇಷ್ಟ್ರಿಗೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ. ಅಂಥವರ ಪಾಲಿಗೆ ಬಂದವಳು ಎಲ್ಲರೂ ಗುಬ್ಬಿ ಎಂದು ಕರೆಯುವ ಹದಿಮೂರರ ಹುಡುಗಿ. ಕೈಕಾಲು, ನಾಲಗೆ ಯಾವುದೂ ಅವಳ ಮಾತು ಕೇಳುವುದಿಲ್ಲ, ಕಣ್ಣು ಮಾತ್ರ ಕೇಳುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಎಂಟು ಬಣ್ಣದ ಚೌಕಗಳು, ಒಂದೊಂದಕ್ಕೂ ಒಂದು ಸ್ವರ. ಅವಳ ಕಣ್ಣು ಎತ್ತ ಹೋಯಿತೆಂದು ಕೆಳಗಿನ ಪುಟ್ಟ ಕ್ಯಾಮೆರಾ ಹಿಡಿಯುತ್ತದೆ. ನೋಡಿದ ಚೌಕ ನುಡಿಯುತ್ತದೆ. ಹೀಗೆ ನೋಡಿ ನೋಡಿಯೇ ಗುಬ್ಬಿ ಒಂದು ಟ್ಯೂನು ಕಟ್ಟಿದ್ದಳು. ಮೇಷ್ಟ್ರು ಕಲಿಸಿದ್ದಲ್ಲ, ಪೂರ್ತಿ ಅವಳದೇ.

ಆದರೆ ಅದರಲ್ಲಿ ನಾಲ್ಕು ಕಡೆ ಸ್ವರ ನಿಂತೇಬಿಡುತ್ತಿತ್ತು. ನಾಳೆ ಶಾಲೆಯ ಕಾರ್ಯಕ್ರಮ.

"ಇವತ್ತೂ ಸರಿಹೋಗ್ಲಿಲ್ಲ ಅಂದ್ರೆ ರೆಕಾರ್ಡ್ ಮಾಡಿ, ಆ ಖಾಲಿ ಜಾಗ ಎಲ್ಲಾ ಕತ್ತರಿಸಿ ಹಾಕ್ತೀನಿ. ಅವಳು ವೇದಿಕೆ ಮೇಲೆ ಸುಮ್ನೆ ಕೂತಿದ್ರೆ ಸಾಕು," ಎಂದರು ಮೇಷ್ಟ್ರು.

ಗುಬ್ಬಿ ಬಿಗಿಯಾಗಿ ಕಣ್ಣು ಮುಚ್ಚಿದಳು. ಅವಳ ಲೆಕ್ಕದಲ್ಲಿ ಹಾಗೆಂದರೆ ಬೇಡ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೇಷ್ಟ್ರಿಗೆ ಡೊಂಕಾಗಿ ಕಂಡದ್ದು ಗುಬ್ಬಿಯ ಅಮ್ಮ. ಆಕೆ ಪರದೆಯ ಪಕ್ಕದ ಕುರ್ಚಿಯಲ್ಲಿ ಕೂತು, ಕತ್ತು ಚಾಚಿ ಬಣ್ಣಗಳನ್ನೇ ನೋಡುತ್ತಿದ್ದರು.

"ನೀವಿದ್ರೆ ಅವಳ ಗಮನ ಹಾಳಾಗತ್ತೆ ಅಮ್ಮಾ. ಸ್ವಲ್ಪ ಹೊರಗಿರಿ."

"ಅಯ್ಯೋ, ನನ್ನಿಂದಾನಾ?" ಎನ್ನುತ್ತಾ ಆಕೆ ಕಳ್ಳಿಯ ಹಾಗೆ ಎದ್ದು ಹೋದರು.

ಮೊದಲ ಸಾಲು ಸೊಗಸಾಗಿ ಬಂತು. ನಿಲ್ಲುವ ಜಾಗದಲ್ಲಿ ನಿಂತಿತು. ಮತ್ತೆ ಶುರುವಾಗಲೇ ಇಲ್ಲ.

"ಮುಂದೆ ಹೋಗು ಪುಟ್ಟಿ, ಹಸಿರು ನೋಡು, ಹಸಿರು!"

ಉಹ್ಞೂಂ. ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು. ಆರು ತಿಂಗಳು ಪರದೆಯನ್ನೇ ನೋಡಿ ಪಾಠ ಹೇಳಿದ ಮಹಾನುಭಾವರು ಅಂದು ಮೊದಲ ಸಲ ಬಗ್ಗಿ ಹುಡುಗಿಯ ಮುಖ ನೋಡಿದರು. ಅವಳ ಕಣ್ಣು ಖಾಲಿ ಕುರ್ಚಿಯ ಮೇಲಿತ್ತು.

ಕಣ್ಣಿನಿಂದ ನುಡಿಸುವವಳು ಯಾರನ್ನಾದರೂ ನೋಡಬೇಕೆಂದರೆ ನುಡಿಸುವುದನ್ನು ಬಿಟ್ಟೇ ನೋಡಬೇಕು. ಇಷ್ಟು ಸಣ್ಣ ವಿಷಯ ಅವರ ತಲೆಗೆ ಹೋಗಿರಲಿಲ್ಲ. ನಾಚಿಕೆಯಾಯಿತು, ಆಗಬೇಕಾದ್ದೇ.

ಅವರು ಬಾಗಿಲು ತೆರೆದರು. "ಬನ್ನಿ ಅಮ್ಮಾ. ತಪ್ಪು ನಂದೇ, ಹೊಟ್ಟೆಗೆ ಹಾಕ್ಕೊಳ್ಳಿ. ಆದ್ರೆ ಪರದೆ ನೋಡ್ಬೇಡಿ, ಅವಳನ್ನ ನೋಡಿ."

"ಮತ್ತೆ ಯಾವ ಸ್ವರ ಅಂತ ಗೊತ್ತಾಗೋದು ಹೇಗೆ?"

"ಕಿವಿ ಇದೆಯಲ್ಲ!"

ಗುಬ್ಬಿ ಮೊದಲಿಂದ ನುಡಿಸಿದಳು. ನಿಲ್ಲುವ ಜಾಗ ಬಂತು. ಅವಳ ಕಣ್ಣು ಪರದೆ ಬಿಟ್ಟು ಪಕ್ಕಕ್ಕೆ ಸರಿಯಿತು. ಅಲ್ಲಿ ಅಮ್ಮನ ಕಣ್ಣು ಅವಳಿಗಾಗಿ ಕಾದಿತ್ತು. ತಾಳ ಹಾಕುತ್ತಿದ್ದ ಮೇಷ್ಟ್ರ ಕೈ ತಾನಾಗಿ ತೊಡೆಯ ಮೇಲೆ ಸುಮ್ಮನಾಯಿತು.

"ಪ್ರತಿ ಸಲಾನೂ ನನ್ನನ್ನೇ ನೋಡ್ತಿದ್ಲಾ?" ಅಮ್ಮ ಕೇಳಿದರು. "ನಾನು ಬಣ್ಣ ನೋಡ್ಕೊಂಡು ಕೂತಿದ್ನಲ್ಲ ಮೇಷ್ಟ್ರೇ."

"ನಾಳೆ ನೀವೂ ವೇದಿಕೆ ಮೇಲೆ ಬನ್ನಿ. ಇದೇ ಜಾಗದಲ್ಲಿ ಕೂತ್ಕೊಳ್ಳಿ."

ಗುಬ್ಬಿ ಇನ್ನೂ ಅಮ್ಮನನ್ನು ನೋಡುತ್ತಲೇ ಇದ್ದಳು. ಮುಂದಿನ ಸ್ವರದ ಸುಳಿವೇ ಇಲ್ಲ.

"ಇಷ್ಟು ಹೊತ್ತು ನಿಲ್ಲಿಸಿದ್ರೆ ಜನ ಏನಂತಾರೆ?" ಮಗಳಿಂದ ಕಣ್ಣು ಕೀಳದೆಯೇ ಅಮ್ಮ ಕೇಳಿದರು.

"ಕಾಯ್ಲಿ ಬಿಡಿ," ಎಂದರು ಮೇಷ್ಟ್ರು.