ಚಿಕ್ಕ ಪರದೆಯೇ ಸಾಕು

ಮತ್ತೊಂದು ಮೀನು ಹೋಯಿತು, ಕೆಂಪಗೆ ಬಿಲ್ಲಿನಂತೆ ಬಾಗಿ, ಪರದೆಯ ಬಲದಿಂದ ಎಡಕ್ಕೆ — ಅಂಗಡಿಯ ಮೇಜಿನ ಮೇಲೆ, ಹನಿ ನೀರಿಲ್ಲದ ಕಡೆ ಎಂಥ ಮೀನು, ಸುಮ್ನೆ ತೋರ್ಸೋಕೆ ಹಾಗೆ ಇಟ್ಟಿದೀವಿ ಯಜಮಾನ್ರೇ ಅಂದ ಅಂಗಡಿಯವನು, ಇಲ್ಲದ್ದನ್ನು ಇದೆಯೆಂದು ತೋರಿಸುವುದಕ್ಕೂ ಒಂದು ಪೆಟ್ಟಿಗೆ ಎಂದುಕೊಂಡ ಮುದುಕ, ಮಗಳು ಮಾತ್ರ ಬಗ್ಗಿದವಳು ಏಳಲೊಲ್ಲಳು, ನೀರಡಿಯ ಮೀನು ತೋರಿಸುವ ದೊಡ್ಡ ಫಿಶ್ ಫೈಂಡರಿನ ಗುಂಡಿ ಒತ್ತುತ್ತಾಳೆ, ಚಿಕ್ಕದರದ್ದು ಒತ್ತುತ್ತಾಳೆ, ಇದು ಪಕ್ಕಕ್ಕೂ ನೋಡುತ್ತಾ, ತಳ ಕಲ್ಲೋ ಕೆಸರೋ ಹೇಳುತ್ತಾ ಎಂದು ಅಂಗಡಿಯವನನ್ನು ಕೇಳುತ್ತಾಳೆ — ಅದೇ ದನಿ, ಅದೇ ಆತುರ, ಹಿಂದೆ ಬೋಟಿನಲ್ಲಿ ಅಪ್ಪನನ್ನು ಕೇಳುತ್ತಿದ್ದುದೂ ಹೀಗೆಯೇ, ಸೀಸದ ಗುಂಡಿನ ಅಡಿಗೆ ಸೋಪು ಮೆತ್ತಿ ಹಗ್ಗ ಇಳಿಸಿದರೆ ತಳದ ಕೆಸರೋ ಮರಳೋ ಒಂದಿಷ್ಟು ಅಂಟಿ ಬರುತ್ತಿತ್ತು, ಅಪ್ಪ ತೋರ್ಸು, ಅಪ್ಪ ಬಲೆ ಇಲ್ಲೇ ಹಾಕೋದಾ, ಇವನು ಉಗುರಿನಿಂದ ಕೆರೆದು ಮೂಸಿ ಸುಮ್ಮನಿರುತ್ತಿದ್ದ, ಬೇಕೆಂತಲೇ, ಇನ್ನೊಮ್ಮೆ ಕೇಳಲಿ ಎಂದು. ಈಗ ಬೋಟು ಅವಳದು, ಚುಕ್ಕಾಣಿ ಅವಳದು, ಇವನಿಗೆ ಉಳಿದದ್ದು ಆ ಒಂದು ಪ್ರಶ್ನೆ, ಅದನ್ನೂ ಈ ಪೆಟ್ಟಿಗೆ ಕಸಿಯಬೇಕೇ, ಅಳಿಯ ಮನೆಗೆ ಬಂದಾಗಲೂ ಹೊಟ್ಟೆ ಹೀಗೆ ಉರಿದಿರಲಿಲ್ಲ, ಪಾಪ, ಅವನಿಗೆ ಸಮುದ್ರವೆಂದರೆ ವಾಂತಿ, ಅವನಿಂದ ಏನೂ ಭಯವಿರಲಿಲ್ಲ. ದೊಡ್ಡದು ಬಿಸಿಲಲ್ಲೂ ಚೆನ್ನಾಗ್ ಕಾಣುತ್ತೆ ಯಜಮಾನ್ರೇ, ಚಿಕ್ಕದು ನೆರಳಲ್ಲಿ ಪರ್ವಾಗಿಲ್ಲ, ಬಿಸಿಲಲ್ಲಿ ಸ್ವಲ್ಪ ಕಷ್ಟ ಅಂದ ಅಂಗಡಿಯವನು — ಮಗಳು ಆಚೆ ವೈರು ನೋಡುತ್ತಿದ್ದಳು, ಕೇಳಿಸಿಕೊಂಡವನು ಇವನೊಬ್ಬನೇ, ನೆರಳಂತೆ, ಸಮುದ್ರದ ಮೇಲೆ ಎಲ್ಲಿಯ ನೆರಳು, ನಮ್ಮ ಬೋಟಿಗೆ ಚಾವಣಿ ಎಲ್ಲಿದೆ, ಚಿಕ್ಕದನ್ನು ಮೆಲ್ಲಗೆ ಮಗಳ ಕಡೆಗೆ ಸರಿಸಿದ. ಯಾವ್ದು ತಗೊಳ್ಳೋಣ ಅಪ್ಪ. ಕೇಳಿದಳು, ಇವನನ್ನೇ ಕೇಳಿದಳು, ಚಿಕ್ಕದೇ ಸಾಕಮ್ಮ, ದೊಡ್ಡದು ಬರೀ ಠೀವಿ ಅಂದ. ಅಂಗಡಿಯವನು ಬಾಯಿ ತೆರೆದ, ಇವನು ನೋಡಿದ ನೋಟಕ್ಕೆ ಮುಚ್ಚಿಕೊಂಡ. ಅಪ್ಪ ಹೇಳಿದ್ಮೇಲೆ ಮುಗೀತು ಬಿಡಿ, ಇದನ್ನೇ ಕೊಡಿ — ಇಷ್ಟು ಸಲೀಸಾಗಿ, ಒಂದು ಎದುರು ಮಾತಿಲ್ಲದೆ, ಜಗಳವಾದರೂ ಆಡಬಾರದಿತ್ತೇ ಇವಳು — ಒಂದ್ಸಲ ಹೊರಗೆ ನೋಡೋಣ ಎಂದು ವೈರು ಎಳೆಯುವಷ್ಟೂ ಎಳೆದು ಬಾಗಿಲಿಗೆ ಒಯ್ದಳು, ಬಿಸಿಲು ಬಿದ್ದದ್ದೇ ಪರದೆ ಬಿಳುಚಿಕೊಂಡಿತು, ಮೀನಿಲ್ಲ, ತಳವಿಲ್ಲ, ಇರ್ಲಿ, ಅಪ್ಪ ಆರಿಸಿದ್ದು, ಹೀಗ್ ಮಾಡ್ಕೋತೀನಿ, ಅಂಗೈ ಅಡ್ಡ ಹಿಡಿದು ನಕ್ಕಳು, ಚುಕ್ಕಾಣಿಗೆ ಒಂದು ಕೈ, ಇದಕ್ಕೊಂದು ಕೈ, ಅಲೆ ಎದ್ದರೆ ಆತುಕೊಳ್ಳಲು ಯಾವ ಕೈ — ಬೇಡ ಮಗಳೇ, ದೊಡ್ಡದೇ ತಗೋ ಎನ್ನಬೇಕು, ಎಂದರೆ ಯಾಕೆ ಎನ್ನುತ್ತಾಳೆ, ಯಾಕೆ ಎಂದರೆ — ಹಗ್ಗ ಉಜ್ಜಿ ಜಡ್ಡುಗಟ್ಟಿದ ಆ ಅಂಗೈ, ಅದರ ಕೆಳಗೆ ಅಂಗೈಯಗಲ ನೆರಳು, ಅದರೊಳಕ್ಕೆ ಇಣುಕುವ ಕಣ್ಣು, ಅಂಗೈ, ಬಿಸಿಲಿಗೆ ಅಡ್ಡ ಹಿಡಿದ ಅಂಗೈ