ಮೂರನೆಯ ಪೀಪಾಯಿ

ಅಕ್ಕನ ಮನೆಯಲ್ಲಿದ್ದುಕೊಂಡು, ಅಣ್ವಸ್ತ್ರ ಹರಡದಂತೆ ತಡೆಯುವ ನೀತಿಯನ್ನು ಓದುತ್ತಿದ್ದ ತಂಗಿಗೆ ದಿಕ್ಕು ತೋಚದಾಗಿತ್ತು. ಎರಡನೆಯ ವರ್ಷ ಮುಂದುವರಿಯುವುದೋ ಬಿಡುವುದೋ ಎಂದು ಅರ್ಜಿ ತುಂಬಿಕೊಡಲು ಆ ಸಂಜೆಯೇ ಕೊನೆ.

ಬೆಳಿಗ್ಗೆ ಕಾಲೇಜಿನ ಅಭ್ಯಾಸದ ಕೋಣೆಯಲ್ಲಿ ಮೇಷ್ಟ್ರು ಗೋಡೆಗೊರಗಿಸಿ ನಾಲ್ಕು ಪೀಪಾಯಿ ಇಟ್ಟಿದ್ದರು. ಅವರು ಇಪ್ಪತ್ತು ವರ್ಷ ಅಣುಸ್ಥಾವರಗಳ ತಪಾಸಣೆ ಮಾಡಿದವರು. "ಒಳಗೆ ಯುರೇನಿಯಂ ಇದೆ ಅಂದ್ಕೋ. ಯಾರಾದ್ರೂ ಕೈ ಹಾಕಿದಾರಾ ನೋಡಮ್ಮ" ಎಂದಿದ್ದರು. ಅವಳು ಮುಚ್ಚಳದ ತಂತಿ, ಮುದ್ರೆ, ಮುದ್ರೆಯ ಸಂಖ್ಯೆ ಎಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿ, 'ಎಲ್ಲ ಸರಿಯಿದೆ' ಎಂದು ಬರೆದುಕೊಟ್ಟಳು. ಮೇಷ್ಟ್ರು ಮೂರನೆಯ ಪೀಪಾಯಿಯನ್ನು ಈಚೆಗೆಳೆದರು. ಬೆನ್ನಿನಲ್ಲಿ ತಲೆ ತೂರುವಷ್ಟು ತೂತು!

"ಮುಂಬಾಗಿಲಿಗೆ ಕೈಮುಗಿದು ಬಂದ್ಯಲ್ಲಮ್ಮ, ಕಳ್ಳ ಹಿತ್ತಲಿಂದ ಹೋದ."

ಸಂಜೆ ಹೊಲಿಗೆಯಂತ್ರದ ಮುಂದಿದ್ದ ಅಕ್ಕ ನಕ್ಕಳು. "ಏನಾಯ್ತೇ? ಬಂದಾಗಿಂದ ಕಪಾಟಿನ ಹಿಂದೆಲ್ಲ ಇಣುಕ್ತಿದೀಯ!"

"ಮುದ್ರೆ ನೋಡಿ ನಂಬಿಬಿಡೋಳಿಗೆ ಈ ಕೆಲಸ ಆಗುತ್ತೇನಕ್ಕ? ಹಾಗಂತ ಯಾರನ್ನೂ ನಂಬದೆ ಬದುಕೋಕೂ ನಂಗಿಷ್ಟ ಇಲ್ಲ."

"ನಿನ್ನ ಬಾಂಬಿನ ವಿಷಯ ನಂಗೇನೇ ಗೊತ್ತು? ನಾನು ಹೊಲಿದ ಬಟ್ಟೆನ ನಾನೇ ತಿರುವಿ ನೋಡ್ತೀನಿ. ಅದು ಅಪನಂಬಿಕೆನಾ?"

ಹೌದೋ ಅಲ್ಲವೋ, ತಂಗಿಗೆ ಬಗೆಹರಿಯಲಿಲ್ಲ. ಅರ್ಜಿಯಲ್ಲಿ 'ಮುಂದುವರಿಯುತ್ತೇನೆ' ಎಂದು ಬರೆದಳು. ಮಡಚುವ ಮೊದಲು ಹಾಳೆಯನ್ನು ತಿರುವಿ ನೋಡಿದಳು. ಹಿಂಬದಿ ಖಾಲಿಯಿತ್ತು. ಆದರೂ ಮನಸ್ಸು ನಿಲ್ಲದೆ, ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು.